ಜಿಲ್ಲಾ ಜೈಲು ಮತ್ತು ಉಪಕಾರಾಗೃಹಗಳಲ್ಲಿ ಮಹಿಳಾ ಬಂದಿಗಳು: ಸ್ಥಿತಿಗತಿ ಮತ್ತು ಮೇಲ್ವಿಚಾರಣೆ

ಭಾರತದ ಸೆರೆಮನೆಗಳಲ್ಲಿರುವ ಪ್ರತಿ ನೂರು ಮಂದಿಯಲ್ಲಿ ಹೆಂಗಸರು ನಾಲ್ವರಷ್ಟೆ. ಆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ರುಜುವಾತಾಗಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ ಅಂಕಿಅಂಶಗಳಂತೆ 2022ರ ಡಿಸೆಂಬರ್ 31ರಂದು ದೇಶದ 1,330 ಜೈಲುಗಳಲ್ಲಿ 5,73,220 ಬಂದಿಗಳಿದ್ದರು. ಅವರಲ್ಲಿ ಮಹಿಳೆಯರು 23,772. ಮಹಿಳೆಯರಿಗೆಂದೇ ಇರುವ ಜೈಲುಗಳು 34. ಉಳಿದೆಲ್ಲ ಕಡೆ ಗಂಡಸರ ಜೈಲಿನ ಒಂದು ಮೂಲೆಯ ಬ್ಯಾರಕ್ಕೇ ಹೆಂಗಸರ ಜೈಲು. ಅಡುಗೆಮನೆ, ಆಸ್ಪತ್ರೆ, ಗ್ರಂಥಾಲಯ, ಕೆಲಸದ ಶೆಡ್ಡು, ಭೇಟಿಯ ಕೊಠಡಿ, ಕಾವಲಿನ ಪಾಳಿ ಎಲ್ಲವೂ ಗಂಡಸರ ಲೆಕ್ಕಕ್ಕೆ ಏರ್ಪಾಡಾಗಿರುತ್ತವೆ. ಹೆಂಗಸರಿಗೆ ಅದರಲ್ಲೇ ಒಂದಿಷ್ಟು ಹೊಂದಿಸಿಕೊಡಲಾಗುತ್ತದೆ. ಸಂಖ್ಯೆ ಚಿಕ್ಕದಾಗಿರುವುದೇ ಇವರ ಬಹುಪಾಲು ಕಷ್ಟಗಳ ಮೂಲ. ಅವರ ಕಡೆ ಮೇಲಿನವರ ಕಣ್ಣು ಬೀಳದಿರುವುದಕ್ಕೂ ಅದೇ ಕಾರಣ.

ಅದೇ ಲೆಕ್ಕದಂತೆ ದೇಶದ ಜೈಲುಗಳಲ್ಲಿ 148 ಕೇಂದ್ರ ಕಾರಾಗೃಹಗಳು, 428 ಜಿಲ್ಲಾ ಜೈಲುಗಳು, 574 ಉಪಕಾರಾಗೃಹಗಳು. ದೀರ್ಘ ಶಿಕ್ಷೆಗೆ ಒಳಗಾದವರು ಸಾಮಾನ್ಯವಾಗಿ ಕೇಂದ್ರ ಕಾರಾಗೃಹಕ್ಕೆ ಹೋಗುತ್ತಾರೆ. ಜಿಲ್ಲಾ ಜೈಲು ಮತ್ತು ತಾಲ್ಲೂಕು ಮಟ್ಟದ ಉಪಕಾರಾಗೃಹಗಳು ಮುಖ್ಯವಾಗಿ ನ್ಯಾಯಾಂಗ ಬಂಧನಕ್ಕೆ ಕಳುಹಿಸಲ್ಪಟ್ಟ ವಿಚಾರಣಾಧೀನರವು. ಪೊಲೀಸ್ ಠಾಣೆಯ ಲಾಕಪ್ಪಿನಿಂದ ಮ್ಯಾಜಿಸ್ಟ್ರೇಟರ ಮುಂದೆ, ಅಲ್ಲಿಂದ ಈ ಜೈಲಿಗೆ ಎಂಬುದು ಬಂಧಿತ ಹೆಂಗಸಿನ ಮಾಮೂಲು ದಾರಿ. ಈ ಲೇಖನ ಇಂಥ ಸ್ಥಳೀಯ ಜೈಲುಗಳನ್ನೇ ಮುಖ್ಯವಾಗಿ ಗಮನದಲ್ಲಿಟ್ಟಿದೆ. ದೊಡ್ಡ ಜೈಲುಗಳ ಬಗ್ಗೆ ಪತ್ರಿಕೆಗಳು ಬರೆಯುತ್ತವೆ, ಆಯೋಗಗಳು ಹೋಗುತ್ತವೆ, ಪ್ರಸಿದ್ಧ ಬಂದಿಗಳು ನೆನಪುಗಳನ್ನು ಬರೆಯುತ್ತಾರೆ. ಮೂರೋ ನಾಲ್ಕೋ ಹೆಂಗಸರನ್ನು ಒಂದು ಕೋಣೆಯಲ್ಲಿ ಕೂಡಿಹಾಕಿದ ಉಪಕಾರಾಗೃಹದ ಬಗ್ಗೆ ಬರೆಯುವವರಿಲ್ಲ.

ಗೋಡೆಯೊಳಗಿನ ಗೋಡೆ

ಈಗಲೂ ಹಲವು ರಾಜ್ಯಗಳ ಜೈಲು ಆಡಳಿತಕ್ಕೆ ತಳಹದಿಯಾಗಿರುವುದು 1894ರ ಕಾರಾಗೃಹ ಅಧಿನಿಯಮ. ಗಂಡಸರೂ ಹೆಂಗಸರೂ ಇರುವ ಜೈಲಿನಲ್ಲಿ ಹೆಂಗಸರನ್ನು ಬೇರೆ ಕಟ್ಟಡದಲ್ಲಿ, ಇಲ್ಲವೆ ಅದೇ ಕಟ್ಟಡದ ಬೇರೆ ಭಾಗದಲ್ಲಿ ಇಡಬೇಕು, ಇಬ್ಬರ ನಡುವೆ ನೋಟ, ಮಾತು, ಸಂಪರ್ಕ ಯಾವುದೂ ಇರಬಾರದು ಎಂದು ಅದರ 27ನೇ ಕಲಮು ಹೇಳುತ್ತದೆ. ಹೆಂಗಸರಿಗೆ ಕೈಕೋಳ, ಸಂಕೋಲೆ, ಛಡಿಯೇಟಿನ ಶಿಕ್ಷೆ ಕೊಡಬಾರದೆಂದೂ, ಅವರ ತಪಾಸಣೆಯನ್ನು ಮೇಟ್ರನ್ ಮಾಡಬೇಕೆಂದೂ ಅದೇ ಕಾಯಿದೆ ವಿಧಿಸಿತು. ಕರ್ನಾಟಕದಲ್ಲಿ 1963ರ ಕಾರಾಗೃಹ ಅಧಿನಿಯಮ ಮತ್ತು 1974ರ ನಿಯಮಗಳು ಬಂದವು. ಪ್ರತ್ಯೇಕತೆ ಅಗತ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರತ್ಯೇಕ ಇಟ್ಟುಬಿಟ್ಟರೆ ಸಾಕು, ಒಳಗೆ ಏನಿರಬೇಕು ಎನ್ನುವುದು ಆಮೇಲಿನ ಮಾತು ಎಂಬ ಧೋರಣೆ ಆ ಕಾಯಿದೆಯ ಕಾಲದಿಂದಲೂ ಉಳಿದುಬಂದಿದೆ.

ಇದರ ಪರಿಣಾಮ ದಿನನಿತ್ಯದ ಬದುಕಿನಲ್ಲಿ ಕಾಣುತ್ತದೆ. ಆಸ್ಪತ್ರೆಯ ಕೊಠಡಿ ಗಂಡಸರ ಅಂಗಳದ ಆಚೆಗಿದ್ದರೆ ಹೆಂಗಸನ್ನು ಅಲ್ಲಿಗೆ ಕರೆದೊಯ್ಯಲು ಆ ಅಂಗಳ ಖಾಲಿ ಮಾಡಿಸಬೇಕು, ಜೊತೆಗೆ ಮಹಿಳಾ ಸಿಬ್ಬಂದಿ ಬೇಕು. ಒಬ್ಬಳೇ ಮಹಿಳಾ ವಾರ್ಡರ್ ಇರುವ ಜೈಲಿನಲ್ಲಿ ಅವಳು ರಜೆ ಹಾಕಿದ ದಿನ ಬ್ಯಾರಕ್ಕಿನ ಬೀಗ ತೆಗೆಯುವುದೇ ಕಷ್ಟ. ಗ್ರಂಥಾಲಯ ಹೆಸರಿಗೆ ಎಲ್ಲರದೂ ಹೌದು, ಬಳಸುವವರು ಗಂಡಸರು. ಕೆಲಸವೆಂದರೆ ಹೊಲಿಗೆ, ಕಸೂತಿ, ಹಪ್ಪಳ, ಇಲ್ಲವೆ ಅದೂ ಇಲ್ಲ. ಬೇಕರಿ, ಮುದ್ರಣಾಲಯ, ಮರಗೆಲಸದಂಥ ಕೂಲಿ ಸಿಗುವ ಘಟಕಗಳು ಗಂಡಸರ ಭಾಗದಲ್ಲೇ ಇರುತ್ತವೆ. ಕೂಲಿಯಿಲ್ಲದ ಹೆಂಗಸಿಗೆ ಕ್ಯಾಂಟೀನಿನ ಸೋಪು, ಎಣ್ಣೆ, ಮನೆಗೆ ಫೋನು ಮಾಡುವ ದುಡ್ಡು ಹೊರಗಿನಿಂದ ಬರಬೇಕು. ಕಳುಹಿಸುವವರು ಇಲ್ಲದಿದ್ದರೆ ಇನ್ನೊಬ್ಬ ಬಂದಿಯ ಬಟ್ಟೆ ಒಗೆದು, ಕಾಲೊತ್ತಿ ಅದನ್ನು ಸಂಪಾದಿಸಬೇಕು.

2018ರ ಜೂನ್‌ನಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಸೆರೆಮನೆಗಳಲ್ಲಿರುವ ಮಹಿಳೆಯರ ಬಗ್ಗೆ ವರದಿಯೊಂದನ್ನು ಹೊರತಂದಿತು. 2015ರ ಕೊನೆಗೆ ಜೈಲಿನಲ್ಲಿದ್ದ 17,834 ಮಹಿಳೆಯರಲ್ಲಿ 11,916 ಮಂದಿ ವಿಚಾರಣಾಧೀನರೆಂದೂ, ಮಹಿಳೆಯರಿಗೆಂದೇ ಇರುವ ಜೈಲುಗಳಲ್ಲಿ ಇದ್ದವರು ಶೇ. 17 ಮಾತ್ರವೆಂದೂ ಅದು ತಿಳಿಸಿತು. 2015 ಮತ್ತು 2022ರ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಏಳು ವರ್ಷಗಳಲ್ಲಿ ಮಹಿಳಾ ಬಂದಿಗಳ ಸಂಖ್ಯೆ ಸುಮಾರು ಮೂರನೇ ಒಂದು ಪಾಲಿನಷ್ಟು ಏರಿರುವುದು ಗೊತ್ತಾಗುತ್ತದೆ. ಮಹಿಳಾ ಜೈಲುಗಳೂ 18ರಿಂದ 34ಕ್ಕೆ ಏರಿದವು. ಕರ್ನಾಟಕದಲ್ಲಿ ತುಮಕೂರಿನ ಮಹಿಳಾ ಕಾರಾಗೃಹ ಇಂಥದ್ದು. ಆದರೆ ಪ್ರತ್ಯೇಕ ಮಹಿಳಾ ಜೈಲಿಗೂ ಅದರದೇ ತೊಡಕಿದೆ. ಬೀದರಿನ ಅಥವಾ ರಾಯಚೂರಿನ ಹೆಂಗಸನ್ನು ತುಮಕೂರಿಗೆ ಕಳಿಸಿದರೆ ಸೌಲಭ್ಯ ಸಿಗಬಹುದು, ಮನೆಯವರು ಸಿಗುವುದಿಲ್ಲ. ಊರ ಹತ್ತಿರದ ಜೈಲೋ ಸವಲತ್ತಿರುವ ಜೈಲೋ ಎಂಬ ಆಯ್ಕೆ ಗಂಡಸು ಬಂದಿಯ ಮುಂದೆ ಇಷ್ಟು ಕಠೋರವಾಗಿ ಎದುರಾಗುವುದಿಲ್ಲ.

ನೀರು, ಬಟ್ಟೆ, ವೈದ್ಯೆ

ಮುಟ್ಟಿನ ದಿನಗಳ ವ್ಯವಸ್ಥೆಯೊಂದನ್ನು ನೋಡಿದರೆ ಒಂದು ಜೈಲಿನ ಮಹಿಳಾ ವಿಭಾಗ ಹೇಗೆ ನಡೆಯುತ್ತಿದೆ ಎಂದು ತಿಳಿದುಬಿಡುತ್ತದೆ. ಕೇಂದ್ರ ಗೃಹ ಸಚಿವಾಲಯದ 2016ರ ಮಾದರಿ ಕಾರಾಗೃಹ ಕೈಪಿಡಿ ಬಂದಿಗಳಿಗೆ ಶುಚಿಯಾದ ಪ್ಯಾಡುಗಳನ್ನು ಅವರ ಅಗತ್ಯಕ್ಕೆ ತಕ್ಕಂತೆ ಕೊಡಬೇಕೆನ್ನುತ್ತದೆ. ವಾಸ್ತವದಲ್ಲಿ ಪ್ಯಾಡುಗಳು ಸ್ವಯಂಸೇವಾ ಸಂಸ್ಥೆಗಳ ದಾನವಾಗಿ ಬರುತ್ತವೆ, ಇಲ್ಲವೆ ತಲೆಗಿಷ್ಟು ಎಂದು ಎಣಿಸಿ ಹಂಚಲಾಗುತ್ತದೆ. ಹೆಚ್ಚು ಸ್ರಾವವಿರುವವಳು, ಹೆರಿಗೆಯಾದವಳು, ಗರ್ಭಪಾತವಾದವಳು ಎಲ್ಲರಿಗೂ ಅದೇ ಲೆಕ್ಕ. ಮುಗಿದ ಮೇಲೆ ಹಳೆ ಸೀರೆಯ ತುಂಡೇ ಗತಿ. ಅದನ್ನು ಒಗೆಯಲು ನೀರು ಬೇಕು, ಒಣಗಿಸಲು ಬಿಸಿಲು ಬೇಕು. ಬ್ಯಾರಕ್ಕಿನ ನಲ್ಲಿಗೆ ನೀರು ಬರುವ ಹೊತ್ತು ಗೊತ್ತುಮಾಡಿರುತ್ತದೆ. ಅಂಗಳಕ್ಕೆ ಬಿಡುವ ಹೊತ್ತೂ ಅಷ್ಟೇ. ಇನ್ನಷ್ಟು ಬೇಕೆಂದು ಕೇಳಬೇಕಾದರೆ, ಸೂಪರಿಂಟೆಂಡೆಂಟರಿಂದ ವೈದ್ಯರ ತನಕ ಎಲ್ಲರೂ ಗಂಡಸರೇ ಆಗಿರುವ ಕಡೆ ಹೆಂಗಸು ಕೇಳುವುದೇ ಇಲ್ಲ.

ಆರೋಗ್ಯದ ಮಾತೂ ಇದಕ್ಕೆ ಅಂಟಿಕೊಂಡೇ ಬರುತ್ತದೆ. ಜೈಲಿಗೆ ಬಂದ ದಿನವೇ ವೈದ್ಯಕೀಯ ತಪಾಸಣೆ ಆಗಬೇಕು, ಮಹಿಳೆಯನ್ನು ಮಹಿಳಾ ವೈದ್ಯರೇ ನೋಡಬೇಕು. ಉಪಕಾರಾಗೃಹಗಳಲ್ಲಿ ಪೂರ್ಣಾವಧಿಯ ವೈದ್ಯರೇ ಅಪರೂಪ, ಸ್ತ್ರೀರೋಗ ತಜ್ಞರ ಮಾತಂತೂ ದೂರ. ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಪೊಲೀಸ್ ಬೆಂಗಾವಲು ಬೇಕು. ಮಹಿಳಾ ಕಾನ್‌ಸ್ಟೆಬಲ್ ಅಂದು ಬಂದೋಬಸ್ತಿಗೆ ಹೋಗಿದ್ದರೆ ಆಸ್ಪತ್ರೆಯ ಭೇಟಿ ಮುಂದಕ್ಕೆ. ಮಾನಸಿಕ ಆರೋಗ್ಯದ ಕಡೆ ಇನ್ನೂ ಕಡಿಮೆ ಗಮನ. ಬಹುಕಾಲ ಅಪರಾಧವನ್ನೇ ಮಾಡದ ಮಾನಸಿಕ ಅಸ್ವಸ್ಥರನ್ನೂ ಜೈಲಿನಲ್ಲಿಡುವ ಪದ್ಧತಿಯಿತ್ತು. ಪಶ್ಚಿಮ ಬಂಗಾಳದ ಜೈಲುಗಳಲ್ಲಿದ್ದ ಇಂಥವರ ವಿಚಾರದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟು ಇದು ಸಂವಿಧಾನಬಾಹಿರ ಎಂದು ತೀರ್ಪಿತ್ತಿತು. ಅದಕ್ಕೂ ಮೊದಲು 1979ರಲ್ಲಿ, ಬಿಹಾರದ ಹುಸೇನಾರಾ ಖಾತೂನ್ ಪ್ರಕರಣದಲ್ಲಿ, ಆರೋಪಿಗಳೇ ಅಲ್ಲದ ಹೆಂಗಸರು ಅಪರಾಧಕ್ಕೆ ಬಲಿಯಾದವರೆಂದೋ ಸಾಕ್ಷಿಗಳೆಂದೋ ‘ರಕ್ಷಣೆ’ಯ ಹೆಸರಿನಲ್ಲಿ ಸೆರೆಯಲ್ಲಿರುವುದು ಬೆಳಕಿಗೆ ಬಂತು. ಅನ್ಯಾಯಕ್ಕೆ ಒಳಗಾದ ಹೆಂಗಸನ್ನೇ ಬೀಗ ಹಾಕಿ ಇಟ್ಟುಕೊಂಡಿದ್ದ ವ್ಯವಸ್ಥೆ ಅದು. ಅವರನ್ನು ಬಿಡಿಸಿ ಆಶ್ರಯಗೃಹಗಳಿಗೆ ಕಳುಹಿಸುವಂತೆ ಕೋರ್ಟು ಆದೇಶಿಸಿತು.

ಭೇಟಿಯ ವಿಚಾರದಲ್ಲಿ ಗಂಡಸರಿಗೂ ಹೆಂಗಸರಿಗೂ ಇರುವ ಅಂತರ ಯಾವ ಅಂಕಿಪಟ್ಟಿಯಲ್ಲೂ ಕಾಣದು, ಆದರೆ ಜೈಲಿನ ಬಾಗಿಲಲ್ಲಿ ಅರ್ಧ ದಿನ ನಿಂತವರಿಗೆಲ್ಲ ಗೊತ್ತು. ಮುಲಾಕತ್ತಿಗೆ ಬಂದು ಸಾಲಿನಲ್ಲಿ ಕಾಯುವವರು ಹೆಂಡತಿಯರು, ತಾಯಂದಿರು, ಅಕ್ಕತಂಗಿಯರು. ಹೆಂಗಸೇ ಒಳಗಿದ್ದರೆ ಈ ಸಾಲಿಗೆ ಬರಬೇಕಾದವಳೇ ಒಳಗಿದ್ದಂತಾಯಿತು. ಗಂಡನ ಮನೆಯವರು ಕೈಬಿಡುತ್ತಾರೆ, ತವರಿನವರು ಮರ್ಯಾದೆಗೆ ಅಂಜುತ್ತಾರೆ. ಗಂಡನ ಕೊಲೆಯ ಆರೋಪ, ಸೊಸೆಯ ವರದಕ್ಷಿಣೆ ಸಾವಿನ ಆರೋಪ ಹೊತ್ತವರನ್ನು ನೋಡಲು ಬರಬೇಕಾದ ಮನೆಮಂದಿಯೇ ಎಷ್ಟೋ ಸಲ ಎದುರು ಪಕ್ಷದ ಸಾಕ್ಷಿಗಳು, ಇಲ್ಲವೆ ಅದೇ ಪ್ರಕರಣದ ಸಹ ಆರೋಪಿಗಳು.

ಪಹಣಿಯಿಲ್ಲದವಳ ಜಾಮೀನು

ಕಾನೂನು ಮಹಿಳೆಯರ ವಿಚಾರದಲ್ಲಿ ಉದಾರವಾಗಿಯೇ ಇದೆ. ಅಸಾಧಾರಣ ಸಂದರ್ಭವಲ್ಲದೆ ಸೂರ್ಯಾಸ್ತದಿಂದ ಸೂರ್ಯೋದಯದ ತನಕ ಮಹಿಳೆಯನ್ನು ಬಂಧಿಸುವಂತಿಲ್ಲ. ಅಂಥ ಸಂದರ್ಭದಲ್ಲೂ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಬಂಧಿಸಬೇಕು. ಜಾಮೀನಿಗೆ ಅರ್ಹವಲ್ಲದ ಅಪರಾಧಗಳಲ್ಲೂ ಮಹಿಳೆಗೆ ಜಾಮೀನು ಕೊಡಲು ನ್ಯಾಯಾಲಯಕ್ಕೆ ವಿಶೇಷ ಅವಕಾಶವಿದೆ. ದಂಡ ಪ್ರಕ್ರಿಯಾ ಸಂಹಿತೆಯ 437ನೇ ಕಲಮಿನಲ್ಲಿದ್ದ ಈ ಮಾತು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480ನೇ ಕಲಮಿಗೆ ಬಂದಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಪ್ರಕಾರ ಯಾವುದೇ ಮಹಿಳೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯಲು ಅರ್ಹಳು. ಬಂಧನದಲ್ಲಿರುವ ವ್ಯಕ್ತಿಯೂ ಅರ್ಹ. ಅಂದರೆ ಜೈಲಿನಲ್ಲಿರುವ ಹೆಂಗಸಿಗೆ ಈ ಹಕ್ಕು ಎರಡು ಕಡೆಯಿಂದ ಬರುತ್ತದೆ.

ಆದರೂ ಮುಕ್ಕಾಲು ಪಾಲು ಹೆಂಗಸರು ವಿಚಾರಣಾಧೀನರಾಗಿಯೇ ಏಕೆ ಉಳಿಯುತ್ತಾರೆ? ಕರ್ನಾಟಕದ ಯಾವುದೇ ತಾಲ್ಲೂಕು ಕೋರ್ಟಿನ ಆವರಣದಲ್ಲಿ ಇದಕ್ಕೆ ಉತ್ತರವಿದೆ. ಜಾಮೀನು ಮಂಜೂರಾದ ಮೇಲೆ ಜಾಮೀನುದಾರ ಬೇಕು. ಅವನು ಪಹಣಿ, ಆಧಾರ್, ಮನೆ ಇದ್ದರೆ ಕಂದಾಯದ ರಸೀದಿ ಹಿಡಿದು ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಹೆಂಗಸಿನ ಹೆಸರಿನಲ್ಲಿ ಪಹಣಿ ಇರುವುದು ವಿರಳ; ಇರುವ ಜಮೀನು ಗಂಡನದೋ ಮಾವನದೋ ಅಣ್ಣನದೋ ಆಗಿರುತ್ತದೆ. ಅವರು ಸಹಿಗೆ ಬರದಿದ್ದರೆ ಜಾಮೀನಿನ ಆದೇಶ ಕಾಗದದಲ್ಲೇ ಉಳಿಯುತ್ತದೆ. ಬಾಡಿಗೆ ಜಾಮೀನುದಾರರನ್ನು ಹುಡುಕಲು ದುಡ್ಡು ಬೇಕು, ಅದು ಅಪರಾಧವೂ ಹೌದು. ಕೂಲಿಗೆಂದು ಬೇರೆ ಜಿಲ್ಲೆಯಿಂದ, ಬೇರೆ ರಾಜ್ಯದಿಂದ ಬಂದ ಹೆಂಗಸಿಗೆ ಸ್ಥಳೀಯ ಜಾಮೀನುದಾರ ಸಿಗುವುದು ಕನಸಿನ ಮಾತು. ಬಡವನ ಮೇಲೆ ಹೊರಲಾರದ ಜಾಮೀನಿನ ಮೊತ್ತ ಹೇರುವುದನ್ನೂ, ಬೇರೆ ಜಿಲ್ಲೆಯ ಜಾಮೀನುದಾರನನ್ನು ತಿರಸ್ಕರಿಸುವುದನ್ನೂ ಸುಪ್ರೀಂ ಕೋರ್ಟು 1978ರಷ್ಟು ಹಿಂದೆಯೇ ಮೋತಿರಾಮ್ ಪ್ರಕರಣದಲ್ಲಿ ಖಂಡಿಸಿತ್ತು. 2023ರ ಜನವರಿಯಲ್ಲಿ ಅದೇ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಜಾಮೀನು ಸಿಕ್ಕಿ ಏಳು ದಿನವಾದರೂ ಬಂದಿ ಬಿಡುಗಡೆಯಾಗದಿದ್ದರೆ ಜೈಲು ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳೊಳಗೆ ಬಾಂಡು ಸಲ್ಲಿಕೆಯಾಗದಿದ್ದರೆ ನ್ಯಾಯಾಲಯ ತಾನಾಗಿ ಷರತ್ತು ಸಡಿಲಿಸುವ ವಿಚಾರ ಮಾಡಬಹುದು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಬಂದಿಗಳ ನೆರವಿಗೆ ಯೋಜನೆ ತಂದು, ವಿಚಾರಣಾಧೀನರ ಜಾಮೀನಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಶಿಕ್ಷಿತರಿಗೆ 25,000 ರೂಪಾಯಿವರೆಗೆ ನೆರವು ನೀಡುವ ಅಧಿಕಾರವನ್ನು ಜಿಲ್ಲಾ ಸಮಿತಿಗೆ ಕೊಟ್ಟಿತು. ದುಡ್ಡಿನ ಕೊರತೆಗೆ ಇದು ಮದ್ದಾಗಬಹುದು. ಆದರೆ ಪಹಣಿ ಹಿಡಿದು ಬರುವ ಮನುಷ್ಯನೇ ಇಲ್ಲದವಳಿಗೆ ನ್ಯಾಯಾಧೀಶರು ವೈಯಕ್ತಿಕ ಮುಚ್ಚಳಿಕೆಯ ಮೇಲೆ ಬಿಡುವುದೊಂದೇ ದಾರಿ. ಅದಕ್ಕೆ ಕಾನೂನಿನ ಅಡ್ಡಿಯಿಲ್ಲ.

ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ ಮೊದಲ ಬಾರಿಗೆ ಆರೋಪಿಯಾದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಪಾಲನ್ನು, ಉಳಿದವರು ಅರ್ಧ ಪಾಲನ್ನು ವಿಚಾರಣಾಧೀನರಾಗಿ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿ ಶಿಕ್ಷೆಯ ಆರೋಪಗಳಿಗೆ ಇದು ಅನ್ವಯಿಸದು. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಈ ಸೌಲಭ್ಯ ಹಳೆಯ ಪ್ರಕರಣಗಳಿಗೂ ಸಲ್ಲುತ್ತದೆಂದಿತು; ನವೆಂಬರಿನಲ್ಲಿ ಅರ್ಹ ಮಹಿಳೆಯರನ್ನು ವಿಶೇಷವಾಗಿ ಗುರುತಿಸುವಂತೆ ಸೂಚಿಸಿತು.

ತಾಯಿಯೊಂದಿಗೆ ಸೆರೆಯಲ್ಲಿರುವ ಮಕ್ಕಳು

2022ರ ಕೊನೆಗೆ 1,537 ಮಹಿಳೆಯರು ತಮ್ಮ 1,764 ಮಕ್ಕಳೊಂದಿಗೆ ಜೈಲಿನಲ್ಲಿದ್ದರು. ಅವರಲ್ಲೂ ಹೆಚ್ಚಿನವರು ವಿಚಾರಣಾಧೀನರು. ಈ ಮಕ್ಕಳ ವಿಚಾರದಲ್ಲಿ ದಾರಿ ತೋರಿದ್ದು ಆರ್. ಡಿ. ಉಪಾಧ್ಯಾಯ ಪ್ರಕರಣದಲ್ಲಿ 2006ರ ಏಪ್ರಿಲ್ 13ರಂದು ಮುಖ್ಯ ನ್ಯಾಯಮೂರ್ತಿ ವೈ. ಕೆ. ಸಭರ್ವಾಲ್ ಅವರ ಪೀಠ ಕೊಟ್ಟ ತೀರ್ಪು. ನ್ಯಾಯಾಲಯದ ಮುಂದೆ ಬಂದಿದ್ದ ಅಧ್ಯಯನವೊಂದರ ವಿವರಗಳು ಮನಸ್ಸಿನಿಂದ ಮಾಸುವಂಥವಲ್ಲ. ಮಹಿಳಾ ವಾರ್ಡಿನಲ್ಲೇ ಹುಟ್ಟಿ ಬೆಳೆದ ಗಂಡುಮಕ್ಕಳು ಸುತ್ತ ಹೆಂಗಸರನ್ನಷ್ಟೇ ಕಂಡು ತಮ್ಮ ಬಗ್ಗೆಯೂ ಸ್ತ್ರೀಲಿಂಗದಲ್ಲೇ ಮಾತಾಡುತ್ತಿದ್ದರು. ತಾಯಿಯೊಂದಿಗೆ ಕೋರ್ಟಿಗೆ ಹೋಗುವಾಗ ರಸ್ತೆಯಲ್ಲಿ ಪ್ರಾಣಿಗಳನ್ನು ಕಂಡು ಹೆದರುತ್ತಿದ್ದರು. ಮನೆ ಎಂದರೇನು ಎಂಬುದೇ ಅವರಿಗೆ ತಿಳಿದಿರಲಿಲ್ಲ.

ಮಗು ಬಂದಿಯಲ್ಲ, ಅದಕ್ಕೆ ಆಹಾರ, ವಸತಿ, ವೈದ್ಯಕೀಯ ನೆರವು, ಬಟ್ಟೆ, ಶಿಕ್ಷಣ, ಆಟ ಎಲ್ಲವೂ ಹಕ್ಕಾಗಿ ಸಲ್ಲಬೇಕು ಎಂಬುದು ಆ ತೀರ್ಪಿನ ತಿರುಳು. ಆರು ವರ್ಷದವರೆಗೆ ಮಗು ತಾಯಿಯೊಂದಿಗೆ ಇರಬಹುದು. ಗರ್ಭಿಣಿಯನ್ನು ಜೈಲಿಗೆ ಕಳುಹಿಸುವ ಮುನ್ನ ಅಲ್ಲಿ ಹೆರಿಗೆಯ, ಬಾಣಂತನದ ಕನಿಷ್ಠ ಸೌಲಭ್ಯವಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಸಾಧ್ಯವಾದಷ್ಟೂ ಹೆರಿಗೆ ಹೊರಗಿನ ಆಸ್ಪತ್ರೆಯಲ್ಲಾಗಬೇಕು. ಜೈಲಿನಲ್ಲೇ ಹುಟ್ಟಿದರೂ ಜನನ ಪತ್ರದಲ್ಲಿ ಹುಟ್ಟಿದ ಜಾಗವೆಂದು ಜೈಲಿನ ಹೆಸರು ಬರಕೂಡದು. ಶಿಶುವಿಹಾರ, ನರ್ಸರಿಗಳು, ಆದಷ್ಟೂ ಜೈಲಿನ ಆವರಣದ ಹೊರಗೆ, ಇರಬೇಕು. ಇವೆಲ್ಲದರ ನಡುವೆ ಸ್ಥಳೀಯ ಜೈಲುಗಳಿಗೆ ನೇರವಾಗಿ ತಾಗುವ ಮಾತೊಂದಿದೆ: ಮಗುವಿನ ದೇಹ, ಮನಸ್ಸು, ಒಡನಾಟಗಳ ಬೆಳವಣಿಗೆಗೆ ಸೌಲಭ್ಯವಿಲ್ಲದ ಉಪಕಾರಾಗೃಹದಲ್ಲಿ ಮಕ್ಕಳನ್ನು ಇಡಕೂಡದು. ಬ್ಯಾರಕ್ಕಿನಲ್ಲಿ ಜನ ಕಿಕ್ಕಿರಿದಿದ್ದರೂ ಇಡಕೂಡದು. ಈ ಒಂದು ಮಾತನ್ನು ಅಕ್ಷರಶಃ ಪಾಲಿಸಿದರೆ ಬಹುತೇಕ ಉಪಕಾರಾಗೃಹಗಳಿಗೆ ಮಗುವಿರುವ ತಾಯಿಯನ್ನು ಕಳುಹಿಸುವಂತೆಯೇ ಇಲ್ಲ. ಹಾಗಾದರೆ ಅವಳು ದೂರದ ದೊಡ್ಡ ಜೈಲಿಗೆ ಹೋಗಬೇಕು, ಇಲ್ಲವೆ ಜಾಮೀನಿನ ಮೇಲೆ ಮನೆಗೆ. ಎರಡನೆಯದೇ ಸರಿಯಾದ ದಾರಿ ಎಂದು ಈ ಲೇಖಕನ ಎಣಿಕೆ.

ದೆಹಲಿಯ ತಿಹಾರ್ ಜೈಲಿನಲ್ಲಿ 1993ರಿಂದ 1995ರವರೆಗೆ ಮುಖ್ಯಸ್ಥೆಯಾಗಿದ್ದ ಕಿರಣ್ ಬೇಡಿ ಅವರ ಕಾಲದಲ್ಲಿ ಮಹಿಳಾ ವಾರ್ಡಿನ ಮಕ್ಕಳಿಗೆ ಶಿಶುವಿಹಾರ ಆರಂಭವಾಗಿ ಉಳಿದವರಿಗೆ ಮಾದರಿಯಾಯಿತು. ಆರು ತುಂಬಿದ ಮೇಲೆ ಮಗು ಬಂಧುಗಳ ಬಳಿಗೋ ಮಕ್ಕಳ ಪಾಲನಾ ಸಂಸ್ಥೆಗೋ ಹೋಗಬೇಕು. ಆ ಬೇರ್ಪಡೆಗೆ ತಾಯಿ ಮಗುವನ್ನು ಸಿದ್ಧಪಡಿಸುವ ಆಪ್ತಸಮಾಲೋಚನೆ ಸ್ಥಳೀಯ ಜೈಲುಗಳಲ್ಲಿ ಇಲ್ಲವೆಂದೇ ಹೇಳಬೇಕು.

ಹಿಂಸೆ, ಮತ್ತು ಅದರಿಂದ ಹುಟ್ಟಿದ ಕಾನೂನು

ಬಂಧನದಲ್ಲಿರುವ ಮಹಿಳೆಯ ರಕ್ಷಣೆಯ ಕಾನೂನು ಬಹುಮಟ್ಟಿಗೆ ನಡೆದುಹೋದ ಘೋರಗಳ ಬೆನ್ನಿಗೆ ಬಂದದ್ದು. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಬಾಲೆಯ ಮೇಲೆ ನಡೆದ ಅತ್ಯಾಚಾರದ ಆರೋಪದಲ್ಲಿ, ಮಥುರಾ ಪ್ರಕರಣವೆಂದು ಹೆಸರಾದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ಪೊಲೀಸರನ್ನು ಬಿಡುಗಡೆ ಮಾಡಿತು. ಉಪೇಂದ್ರ ಬಕ್ಷಿ, ವಸುಧಾ ಧಾಗಮ್‌ವಾರ್, ರಘುನಾಥ ಕೇಳಕರ್, ಲತಿಕಾ ಸರ್ಕಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ದೇಶದಾದ್ಯಂತ ಮಹಿಳೆಯರು ಬೀದಿಗಿಳಿದರು. ಅದರ ಫಲವಾಗಿ 1983ರ ತಿದ್ದುಪಡಿಯಲ್ಲಿ ಬಂಧನದಲ್ಲಿ ನಡೆಯುವ ಅತ್ಯಾಚಾರ ಪ್ರತ್ಯೇಕ, ಹೆಚ್ಚಿನ ಶಿಕ್ಷೆಯ ಅಪರಾಧವಾಯಿತು. ಅಂಥ ಪ್ರಕರಣದಲ್ಲಿ ತನ್ನ ಒಪ್ಪಿಗೆ ಇರಲಿಲ್ಲವೆಂದು ಹೆಂಗಸು ಹೇಳಿದರೆ ನ್ಯಾಯಾಲಯ ಅದನ್ನೇ ಸತ್ಯವೆಂದು ಭಾವಿಸಬೇಕಾಯಿತು. ಜೈಲು ಸಿಬ್ಬಂದಿಯೂ ಈ ಕಾನೂನಿನ ವ್ಯಾಪ್ತಿಗೆ ಬಂದರು.

ಅದೇ ವರ್ಷದ ಫೆಬ್ರವರಿಯಲ್ಲಿ ಶೀಲಾ ಬರ್ಸೆ ಪ್ರಕರಣದ ತೀರ್ಪು ಬಂತು. ಮುಂಬೈ ಜೈಲಿನಲ್ಲಿ ಹದಿನೈದು ಮಹಿಳಾ ಬಂದಿಗಳನ್ನು ಮಾತಾಡಿಸಿದ ಈ ಪತ್ರಕರ್ತೆಗೆ ಐವರು ತಮ್ಮ ಮೇಲೆ ಪೊಲೀಸ್ ಲಾಕಪ್ಪಿನಲ್ಲಿ ಹಲ್ಲೆಯಾಗಿದೆಯೆಂದು ತಿಳಿಸಿದ್ದರು. ಬರ್ಸೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟು ರಿಟ್ ಅರ್ಜಿಯಾಗಿ ಸ್ವೀಕರಿಸಿತು. ನಗರದಲ್ಲಿ ನಾಲ್ಕೈದು ಲಾಕಪ್ಪುಗಳನ್ನು ಮಹಿಳೆಯರಿಗೆಂದೇ ಮೀಸಲಿಟ್ಟು ಮಹಿಳಾ ಕಾನ್‌ಸ್ಟೆಬಲ್‌ಗಳ ಕಾವಲಿನಲ್ಲಿಡಬೇಕು, ವಿಚಾರಣೆ ಮಹಿಳಾ ಅಧಿಕಾರಿಗಳ ಸಮ್ಮುಖದಲ್ಲೇ ನಡೆಯಬೇಕು, ಸೆಷನ್ಸ್ ನ್ಯಾಯಾಧೀಶರೊಬ್ಬರು, ಆದಷ್ಟೂ ಮಹಿಳೆಯೇ, ಮುನ್ಸೂಚನೆಯಿಲ್ಲದೆ ಲಾಕಪ್ಪುಗಳಿಗೆ ಭೇಟಿ ಕೊಡಬೇಕು ಎಂದು ಪೀಠ ನಿರ್ದೇಶಿಸಿತು. ಮೇಲ್ವಿಚಾರಣೆಯ ಇತಿಹಾಸದಲ್ಲಿ ಈ ಕೊನೆಯ ಅಂಶಕ್ಕೆ ವಿಶೇಷ ತೂಕವಿದೆ. ಹೇಳಿ ಬಂದವರಿಗೆ ಸುಣ್ಣ ಹೊಡೆದ ಗೋಡೆ ಕಾಣುತ್ತದೆ, ಹೇಳದೆ ಬಂದವರಿಗೆ ಜೈಲು ಕಾಣುತ್ತದೆ.

ಮಹಿಳಾ ಸಿಬ್ಬಂದಿ ಇದ್ದ ಮಾತ್ರಕ್ಕೆ ಹಿಂಸೆ ಇಲ್ಲವಾಗುವುದಿಲ್ಲ ಎಂಬುದನ್ನು ಮುಂಬೈನ ಬೈಕುಲ್ಲಾ ಜೈಲು ತೋರಿಸಿತು. 2017ರ ಜೂನ್ 23ರಂದು ಅಲ್ಲಿ ವಾರ್ಡನ್ ಕೆಲಸ ವಹಿಸಿಕೊಂಡಿದ್ದ ಮಹಿಳಾ ಬಂದಿಯೊಬ್ಬರು ತೀರಿಕೊಂಡರು. ಬೆಳಗಿನ ಪಡಿತರದಲ್ಲಿ ಎರಡು ಮೊಟ್ಟೆ, ಐದು ಪಾವ್ ಕಡಿಮೆ ಬಂದ ವಿಚಾರಕ್ಕೆ ಎದ್ದ ಜಗಳದ ನಂತರ ಸಿಬ್ಬಂದಿ ಅವರನ್ನು ಬರ್ಬರವಾಗಿ ಹೊಡೆದರೆಂಬುದು ಆರೋಪ. ಒಬ್ಬ ಅಧಿಕಾರಿ ಮತ್ತು ಐವರು ಕಾನ್‌ಸ್ಟೆಬಲ್‌ಗಳು, ಆರೂ ಜನ ಮಹಿಳೆಯರು, ಕೊಲೆ ಆರೋಪದಲ್ಲಿ ಬಂಧನಕ್ಕೊಳಗಾದರು. ಸಾವಿನ ವಿರುದ್ಧ ಜೈಲಿನ ಚಾವಣಿ ಹತ್ತಿ ಪ್ರತಿಭಟಿಸಿದ ಬಂದಿಗಳ ಮೇಲೂ ಗಲಭೆಯ ಪ್ರಕರಣ ದಾಖಲಾಯಿತು. ಒಳಗಿನ ಸತ್ಯ ಹೊರಗೆ ಬಂದದ್ದು ಅವರಿಂದಲೇ ಎನ್ನುವುದನ್ನು ಇಲ್ಲಿ ದಾಖಲಿಸಬೇಕು.

ಆತುರದ ಆರೋಪವೂ ಈ ಹೆಂಗಸರಿಗೆ ಹಾನಿ ಮಾಡುತ್ತದೆ. 2024ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಜೈಲುಗಳಲ್ಲಿ ಬಂದಿಗಳು ಬಂಧನದಲ್ಲೇ ಗರ್ಭಿಣಿಯರಾಗುತ್ತಿದ್ದಾರೆ, 196 ಮಕ್ಕಳಿದ್ದಾರೆ ಎಂದು ಕಲ್ಕತ್ತ ಹೈಕೋರ್ಟಿಗೆ ನ್ಯಾಯಮಿತ್ರರ ಟಿಪ್ಪಣಿ ಸಲ್ಲಿಕೆಯಾಗಿ ದೇಶವೇ ಬೆಚ್ಚಿತು. ಸುಪ್ರೀಂ ಕೋರ್ಟು ವಿಚಾರಿಸಿದಾಗ ನಾಲ್ಕು ವರ್ಷಗಳಲ್ಲಿ ಅಲ್ಲಿನ ಜೈಲುಗಳಲ್ಲಿ ಹುಟ್ಟಿದ ಮಕ್ಕಳು 62, ತಾಯಂದಿರಲ್ಲಿ ಹೆಚ್ಚಿನವರು ಒಳಬರುವಾಗಲೇ ಗರ್ಭಿಣಿಯರಾಗಿದ್ದರು ಎಂಬ ವರದಿ ಬಂತು. ಪ್ರವೇಶದ ದಿನವೇ ತಪಾಸಣೆ ಮಾಡಿ ಸರಿಯಾಗಿ ದಾಖಲಿಸಿದ್ದರೆ ಈ ಗೊಂದಲಕ್ಕೆ ಎಡೆಯೇ ಇರುತ್ತಿರಲಿಲ್ಲ. ಅದೇ ದಾಖಲೆ ನಿಜವಾದ ದೌರ್ಜನ್ಯವನ್ನು ಹಿಡಿದುಕೊಡುವ ಸಾಧನವೂ ಹೌದು.

ಬೆಂಗಳೂರಿನ ಹಳೆಯ ಜೈಲು

ಕನ್ನಡಿಗರಿಗೆ ಈ ವಿಷಯ ನೆನಪಾಗುವುದು ಸ್ನೇಹಲತಾ ರೆಡ್ಡಿಯವರ ಹೆಸರಿನೊಂದಿಗೆ. 1970ರ ‘ಸಂಸ್ಕಾರ’ ಚಿತ್ರದಲ್ಲಿ ನಟಿಸಿದ್ದ ಇವರು ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ಬರೋಡಾ ಡೈನಮೈಟ್ ಪ್ರಕರಣಕ್ಕೆ ಸಂಬಂಧಿಸಿ ಬಂಧಿತರಾದರು. ಆರೋಪಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಆದರೂ ಮುಂಜಾಗ್ರತಾ ಬಂಧನದ ಮೀಸಾ ಕಾಯಿದೆಯಡಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಎಂಟು ತಿಂಗಳು ಕಳೆದರು. ಉಬ್ಬಸದ ರೋಗಿಯಾಗಿದ್ದ ಅವರಿಗೆ ಕ್ರಮವಾದ ಚಿಕಿತ್ಸೆ ಸಿಗಲಿಲ್ಲ. ಆ ಸ್ಥಿತಿಯಲ್ಲೂ ಜೊತೆಗಿದ್ದ ಸಾಮಾನ್ಯ ಮಹಿಳಾ ಬಂದಿಗಳ ಊಟಕ್ಕಾಗಿ, ಅವರನ್ನು ಹೊಡೆಯುವುದು ನಿಲ್ಲಬೇಕೆಂದು ಹೋರಾಡಿದರು. 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಬಂದು ಐದೇ ದಿನದಲ್ಲಿ, ಜನವರಿ 20ರಂದು ತೀರಿಕೊಂಡರು. ಅವರ ಜೈಲು ದಿನಚರಿ ಅದೇ ವರ್ಷ ಪ್ರಕಟವಾಯಿತು. ಆ ಜೈಲಿನ ಜಾಗ ಇಂದು ಫ್ರೀಡಂ ಪಾರ್ಕ್. ಪ್ರಸಿದ್ಧರಲ್ಲದ ಹೆಂಗಸರ ಪಾಡು ಹೊರಜಗತ್ತಿಗೆ ತಿಳಿಯಬೇಕಾದರೆ ಸ್ನೇಹಲತಾ ಅವರಂಥ ಒಬ್ಬರು ಜೊತೆಯಲ್ಲಿ ಸೆರೆಯಾಗಬೇಕಾಯಿತು. ಯರವಡಾ ಮತ್ತು ಬೈಕುಲ್ಲಾ ಜೈಲುಗಳಲ್ಲಿದ್ದ ವಕೀಲೆ ಸುಧಾ ಭಾರದ್ವಾಜ್, ತಾವು ಯರವಡಾದಲ್ಲಿ ಕಂಡ 76 ಮಹಿಳಾ ಬಂದಿಗಳ ಚಿತ್ರಣವಿರುವ ಪುಸ್ತಕವನ್ನು 2023ರಲ್ಲಿ ಹೊರತಂದದ್ದೂ ಇದೇ ಸಾಲಿಗೆ ಸೇರುತ್ತದೆ.

ಯಾರು ನೋಡುತ್ತಾರೆ?

ಸೆರೆಮನೆ ರಾಜ್ಯಪಟ್ಟಿಯ ವಿಷಯ. ಆದ್ದರಿಂದ ಕೇಂದ್ರದ ಮಾದರಿ ಕೈಪಿಡಿಯಾಗಲಿ, 2023ರ ಮಾದರಿ ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಅಧಿನಿಯಮವಾಗಲಿ ರಾಜ್ಯ ಅಳವಡಿಸಿಕೊಂಡಾಗ ಮಾತ್ರ ಜಾರಿಗೆ ಬರುತ್ತವೆ. ನ್ಯಾಯಮೂರ್ತಿ ಎ. ಎನ್. ಮುಲ್ಲಾ ಸಮಿತಿ (1980–83), ನಂತರ ಮಹಿಳಾ ಬಂದಿಗಳ ಬಗ್ಗೆಯೇ ನೇಮಕವಾದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಸಮಿತಿ ಕೊಟ್ಟ ಶಿಫಾರಸುಗಳಲ್ಲಿ ಹಲವು ಇವತ್ತಿಗೂ ಶಿಫಾರಸುಗಳಾಗಿಯೇ ಇವೆ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಅಮಿತಾವ ರಾಯ್ ಸಮಿತಿಯೂ 2022ರ ಡಿಸೆಂಬರಿನಲ್ಲಿ ವರದಿ ಸಲ್ಲಿಸಿತು. ಮಹಿಳಾ ಬಂದಿಗಳು ಮತ್ತು ಅವರ ಮಕ್ಕಳ ಸ್ಥಿತಿ ಅದರ ವಿಚಾರಣೆಯ ಭಾಗವಾಗಿತ್ತು.

ಮೇಲ್ವಿಚಾರಣೆಯ ಅಧಿಕಾರ ಇರುವವರಿಗೆ ಕೊರತೆಯಿಲ್ಲ. 1979ರ ಎರಡನೆಯ ಸುನೀಲ್ ಬಾತ್ರಾ ತೀರ್ಪು ಜಿಲ್ಲಾ ಮ್ಯಾಜಿಸ್ಟ್ರೇಟರೂ ಸೆಷನ್ಸ್ ನ್ಯಾಯಾಧೀಶರೂ ತಮ್ಮ ವ್ಯಾಪ್ತಿಯ ಜೈಲುಗಳಿಗೆ ಹೋಗಿ ಬಂದಿಗಳ ಅಹವಾಲು ಕೇಳಬೇಕೆಂದಿತು. ದೂರಿನ ಪೆಟ್ಟಿಗೆಗಳು ಅವರ ಅಧೀನದಲ್ಲಿರಬೇಕೆಂದಿತು. ಆ ಪೆಟ್ಟಿಗೆ ಗಂಡಸರ ಅಂಗಳದ ಗೋಡೆಯ ಮೇಲಿದ್ದರೆ ಹೆಂಗಸಿಗೆ ಅದು ಇದ್ದೂ ಇಲ್ಲದಂತೆ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ವಿಚಾರಣಾಧೀನರ ಪರಿಶೀಲನಾ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕೆಂದು 2015ರಲ್ಲಿ ಸುಪ್ರೀಂ ಕೋರ್ಟು ವಿಧಿಸಿತು. ಅದೇ ವರ್ಷ ಡಿ. ಕೆ. ಬಸು ಪ್ರಕರಣದಲ್ಲಿ ಜೈಲುಗಳಿಗೆ ಸಿಸಿ ಕ್ಯಾಮೆರಾ, ಅಧಿಕಾರೇತರ ಸಂದರ್ಶಕರ ನೇಮಕ, ಪ್ರತಿ ಠಾಣೆಗೆ ಕನಿಷ್ಠ ಇಬ್ಬರು ಮಹಿಳಾ ಕಾನ್‌ಸ್ಟೆಬಲ್‌ಗಳು ಎಂಬ ನಿರ್ದೇಶನಗಳು ಬಂದವು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರಾಜ್ಯ ಸರ್ಕಾರಕ್ಕೆ ಮುಂಚಿತವಾಗಿ ತಿಳಿಸಿಯೇ ಜೈಲಿಗೆ ಹೋಗಬೇಕೆಂಬ ಷರತ್ತು 2006ರ ತಿದ್ದುಪಡಿಯಲ್ಲಿ ಹೋಯಿತು. ಬಂಧನದಲ್ಲಿ ಸಾವಾದರೆ 24 ಗಂಟೆಯೊಳಗೆ ಆಯೋಗಕ್ಕೆ ತಿಳಿಸಬೇಕು. ಸಾವು ಅಥವಾ ಅತ್ಯಾಚಾರದ ಆರೋಪವಿದ್ದರೆ ನ್ಯಾಯಿಕ ಮ್ಯಾಜಿಸ್ಟ್ರೇಟರ ವಿಚಾರಣೆ ಕಡ್ಡಾಯ. ಮಹಿಳೆಯರನ್ನು ಇಟ್ಟಿರುವ ಯಾವುದೇ ಜೈಲನ್ನು ಪರಿಶೀಲಿಸುವ ಅಧಿಕಾರ 1990ರ ಕಾಯಿದೆಯಂತೆ ರಾಷ್ಟ್ರೀಯ ಮಹಿಳಾ ಆಯೋಗಕ್ಕೂ ಇದೆ.

ಇಷ್ಟು ಜನ ನೋಡಬೇಕಾದ ಕಡೆ ಯಾರೂ ನೋಡದೆ ಉಳಿಯುವುದು ಹೇಗೆ? ಭೇಟಿಗೆ ಬಂದ ಗಣ್ಯರಿಗೆ ಜೈಲಿನ ಕಚೇರಿಯಲ್ಲಿ ಚಹಾ, ಅಡುಗೆಮನೆಯ ರುಚಿ, ಒಂದೆರಡು ಬ್ಯಾರಕ್ಕು, ಸಂದರ್ಶಕರ ಪುಸ್ತಕದಲ್ಲಿ ಸಹಿ. ಮಹಿಳಾ ವಿಭಾಗದ ಒಳಬಾಗಿಲಿಗೆ ಬರುವ ಹೊತ್ತಿಗೆ ಸಮಯ ಮುಗಿದಿರುತ್ತದೆ. ಒಳಗೆ ಹೋದರೂ ವಾರ್ಡರ್ ಪಕ್ಕದಲ್ಲೇ ನಿಂತಿರುವಾಗ ಬಂದಿ ಬಾಯಿಬಿಡುವುದಿಲ್ಲ. ಅವರು ಹೋದ ಮೇಲೆ ಅವಳು ಉಳಿಯಬೇಕಾದದ್ದು ಅದೇ ವಾರ್ಡರ್ ಕೈಯಲ್ಲಿ. ಅಧಿಕಾರೇತರ ಸಂದರ್ಶಕರ ಸ್ಥಾನಗಳು ವರ್ಷಗಟ್ಟಲೆ ಖಾಲಿ ಬೀಳುತ್ತವೆ, ತುಂಬಿದರೂ ರಾಜಕೀಯದವರಿಗೆ ಹೋಗುತ್ತವೆ. ವಿಶ್ವಸಂಸ್ಥೆ 2010ರಲ್ಲಿ ಅಂಗೀಕರಿಸಿದ 70 ಬ್ಯಾಂಕಾಕ್ ನಿಯಮಗಳು ಮಹಿಳಾ ಬಂದಿಗಳ ಸ್ಥಿತಿ ನೋಡುವ ಪರಿಶೀಲನಾ ಮಂಡಳಿಗಳಲ್ಲಿ ಮಹಿಳೆಯರಿರಬೇಕೆನ್ನುತ್ತವೆ. ದೂರು ಕೊಟ್ಟವಳ ಮೇಲೆ ಸೇಡು ತೀರಿಸಿಕೊಳ್ಳದಂತೆ ರಕ್ಷಣೆ ಬೇಕೆನ್ನುತ್ತವೆ. ಚಿತ್ರಹಿಂಸೆಯ ವಿರುದ್ಧದ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿತು, ಸ್ಥಿರೀಕರಿಸಿಲ್ಲ. ಅಂತರರಾಷ್ಟ್ರೀಯ ಮಂಡಳಿಯೊಂದು ಜೈಲಿನೊಳಗೆ ಬಂದು ನೋಡುವ ವ್ಯವಸ್ಥೆಯೂ ಇಲ್ಲಿಲ್ಲ.

ಮೇಲ್ವಿಚಾರಣೆ ಸೋತ ಕಡೆ ಇನ್ನೊಂದು ಅಸಮಾನತೆಯೂ ಬೆಳೆಯುತ್ತದೆ. 2017ರ ಜುಲೈನಲ್ಲಿ ಕಾರಾಗೃಹ ಇಲಾಖೆಯ ಡಿಐಜಿಯಾಗಿದ್ದ ಡಿ. ರೂಪಾ, ಬೆಂಗಳೂರಿನ ಪರಪ್ಪನ ಅಗ್ರಹಾರದ ಮಹಿಳಾ ವಿಭಾಗದಲ್ಲಿ ಪ್ರಭಾವಿ ಬಂದಿಯೊಬ್ಬರಿಗೆ ವಿಶೇಷ ಸೌಲಭ್ಯ ಸಿಗುತ್ತಿದೆಯೆಂದು ವರದಿ ಸಲ್ಲಿಸಿದರು. ಇಂಥ ವರದಿ ಇಲಾಖೆಯ ಒಳಗಿನಿಂದಲೇ ಬಂದದ್ದು ಅಪರೂಪ. ಜಾತಿಯ ಮಾತೂ ಇದೆ. ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜಾತಿ ನೋಡಿ ಕೆಲಸ ಹಂಚುವ ಜೈಲು ನಿಯಮಗಳನ್ನು ರದ್ದುಮಾಡಿತು. ಕಕ್ಕಸು ತೊಳೆಯುವ ಕೆಲಸ ಯಾರಿಗೆ, ಅಡುಗೆ ಯಾರಿಗೆ ಎಂಬುದು ಮಹಿಳಾ ಬ್ಯಾರಕ್ಕುಗಳಲ್ಲೂ ಇದೇ ರೀತಿ ನಿರ್ಧಾರವಾಗುತ್ತಿತ್ತು.

ಬಿಡುಗಡೆ

ಬಿಡುಗಡೆಯ ಆದೇಶ ಕೋರ್ಟಿನಿಂದ ಜೈಲಿಗೆ ತಲುಪಿ ಕಾಗದಪತ್ರ ಮುಗಿಯುವಾಗ ಸಾಮಾನ್ಯವಾಗಿ ಸಂಜೆಯಾಗುತ್ತದೆ. ಕೈಯಲ್ಲಿ ದುಡ್ಡಿಲ್ಲದ, ಕರೆದೊಯ್ಯಲು ಯಾರೂ ಬಾರದ ಹೆಂಗಸನ್ನು ಆ ಹೊತ್ತಿನಲ್ಲಿ ಬಾಗಿಲ ಹೊರಗೆ ಬಿಟ್ಟರೆ ಆಗುವ ಅಪಾಯ ಊಹಿಸಲು ಕಷ್ಟವಿಲ್ಲ. ಬಂಧುಗಳಿಗೆ ಮುಂಚೆಯೇ ತಿಳಿಸುವುದು, ಪ್ರಯಾಣದ ಖರ್ಚು ಕೊಡುವುದು, ಅಗತ್ಯವಿದ್ದರೆ ಮಹಿಳಾ ಸಿಬ್ಬಂದಿಯ ಜೊತೆ ಕಳಿಸುವುದು ಜೈಲಿನ ಹೊಣೆ. ಕುಟುಂಬದ, ಸಮಾಜದ ಆಸರೆಯಿಲ್ಲದೆ ಬಿಡುಗಡೆಯಾದ ಮಹಿಳಾ ಬಂದಿಗಳನ್ನು ಕೇಂದ್ರದ ಸ್ವಾಧಾರ್ ಗೃಹ ಯೋಜನೆ ಫಲಾನುಭವಿಗಳ ಪಟ್ಟಿಯಲ್ಲಿ ಸೇರಿಸಿತ್ತು. 2022ರಲ್ಲಿ ಮಿಷನ್ ಶಕ್ತಿಯಡಿ ಅದು ಶಕ್ತಿ ಸದನವಾಯಿತು. ಬಿಡುಗಡೆಗೆ ಮುನ್ನ ಜೈಲಿನವರು ಅಥವಾ ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕರು ಆ ಸದನಕ್ಕೆ ಒಂದು ಫೋನು ಮಾಡಿ ಹಾಸಿಗೆ ಖಾಲಿ ಇದೆಯೇ ಎಂದು ವಿಚಾರಿಸಿದರೆ ಅವಳಿಗೆ ಅಂದಿನ ರಾತ್ರಿ ತಂಗಲು ಜಾಗ ಸಿಗುತ್ತದೆ.